ಒಂದು ಸುಟ್ಟುಹೋಯಿತು, ಒಂದನ್ನು ಮಾರಿದೆ, ಒಂದು ನಿಂತೇ ಇದೆ: ಕಟ್ಟಿದ 2290 ತೆರಿಗೆ ವಾಪಸ್ ಬರುತ್ತದೆಯೇ?

ಪ್ರಶ್ನೆ: ನಮ್ಮದು ದಾವಣಗೆರೆ. ಈಗ ಅಮೆರಿಕದ ಡಲ್ಲಾಸ್ ಬಳಿ ಎಲ್‌ಎಲ್‌ಸಿ (ಸೀಮಿತ ಹೊಣೆಯ ಸಂಸ್ಥೆ) ಹೆಸರಿನಲ್ಲಿ ಸಣ್ಣದೊಂದು ಟ್ರಕ್ಕಿಂಗ್ ವ್ಯವಹಾರ ನಡೆಸುತ್ತಿದ್ದೇನೆ. 2024ರ ಆಗಸ್ಟ್‌ನಲ್ಲಿ ನಾಲ್ಕು ವಾಹನಗಳಿಗೂ ಫಾರ್ಮ್ 2290 (ಭಾರಿ ವಾಹನಗಳ ಹೆದ್ದಾರಿ ಬಳಕೆ ತೆರಿಗೆಯ ಫಾರ್ಮ್) ಸಲ್ಲಿಸಿ ವರ್ಷದ ತೆರಿಗೆ ಪೂರ್ತಿ ಕಟ್ಟಿದೆ. ಅಕ್ಟೋಬರ್ 17ರಂದು ಮೊದಲನೆಯ ಸೆಮಿ ಟ್ರಕ್ ಅಮರಿಲ್ಲೊ ಸಮೀಪ ಹೆದ್ದಾರಿಯಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ವಿಮೆಯವರು ಸಂಪೂರ್ಣ ನಷ್ಟ ಎಂದು ಬರೆದುಕೊಟ್ಟರು. ಅದರ ಬದಲಿಗೆ ನವೆಂಬರ್‌ನಲ್ಲಿ ಹೊಸದೊಂದನ್ನು ಕೊಂಡು ಅದಕ್ಕೂ ತೆರಿಗೆ ಕಟ್ಟಿದೆ. ಎರಡನೆಯದು 60,000 ಪೌಂಡ್ ತೂಕದ ಡಂಪ್ ಟ್ರಕ್. ಫೆಬ್ರವರಿ 11ರಂದು ಮಾರಿದೆ. ಮೂರನೆಯದಕ್ಕೆ ಚಾಲಕ ಸಿಗದೆ ಬಹುಪಾಲು ಅಂಗಳದಲ್ಲೇ ನಿಂತಿದೆ, ಇದುವರೆಗೆ 4,200 ಮೈಲಿ ಓಡಿದೆ. ನಾಲ್ಕನೆಯದರ ವಿಐಎನ್ (ವಾಹನದ ಗುರುತು ಸಂಖ್ಯೆ) ಬರೆಯುವಾಗ ಒಂದು ಅಕ್ಷರ ತಪ್ಪಿ, ನೋಂದಣಿ ಕೌಂಟರಿನಲ್ಲಿ ತಿರಸ್ಕೃತವಾಯಿತು. ಸೆಪ್ಟೆಂಬರ್‌ನಲ್ಲಿ ಮತ್ತೆ ಹೊಸ ಫಾರ್ಮ್ ಸಲ್ಲಿಸಿ ಇನ್ನೊಮ್ಮೆ 550 ಡಾಲರ್ ಕಟ್ಟಿದೆ. ಅದೇ ಟ್ರಕ್ ಮಾರ್ಚ್, ಏಪ್ರಿಲ್ ಎರಡೂ ತಿಂಗಳು ಗ್ಯಾರೇಜಿನಲ್ಲಿತ್ತು. ಊರಿನಲ್ಲಿ ಅಪ್ಪ ಲಾರಿ ನಿಲ್ಲಿಸಿದಾಗ ಆರ್‌ಟಿಒಗೆ ಮುಂಚಿತವಾಗಿ ಬರೆದುಕೊಟ್ಟು, ದಾಖಲೆ ಒಪ್ಪಿಸಿ ತೆರಿಗೆ ಉಳಿಸಿಕೊಳ್ಳುತ್ತಿದ್ದರು. ಇಲ್ಲಿಯೂ ಹಾಗೆ ಸಾಧ್ಯವೇ? ಏಜೆಂಟ್ ಒಬ್ಬರು, ಬಂದ ಹಣದಲ್ಲಿ ಮೂರನೇ ಒಂದು ಪಾಲು ಕೊಟ್ಟರೆ ನಾಲ್ಕೂ ಟ್ರಕ್ಕಿನ ಪೂರ್ತಿ ತೆರಿಗೆ ವಾಪಸ್ ತರಿಸುತ್ತೇನೆ ಎನ್ನುತ್ತಿದ್ದಾರೆ. ಡಂಪ್ ಟ್ರಕ್ ಕೊಂಡವರು, ನಾನು ಕಟ್ಟಿದ ತೆರಿಗೆ ತಮಗೂ ಸಲ್ಲುತ್ತದೆ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮಗೆ ಬರಬೇಕಾದ ಹಣ ಇದೆ, ಸಣ್ಣ ಮೊತ್ತವೂ ಅಲ್ಲ. ಆದರೆ ಏಜೆಂಟ್ ಹೇಳಿದಷ್ಟು ಬರುವುದಿಲ್ಲ. ಅವರು ಹೇಳಿದಂತೆ ಅರ್ಜಿ ಹಾಕಿದರೆ ನ್ಯಾಯವಾಗಿ ಬರುವ ಹಣವೂ ಸಿಕ್ಕಿಕೊಳ್ಳಬಹುದು. ನಿಮ್ಮ ಪತ್ರದಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳಿವೆ. ಒಂದೊಂದಕ್ಕೂ ಕಾನೂನಿನಲ್ಲಿ ಬೇರೆಯೇ ಉತ್ತರವಿದೆ. ಎಲ್ಲವನ್ನೂ "ಟ್ರಕ್ ಓಡಲಿಲ್ಲ, ಹಣ ವಾಪಸ್ ಕೊಡಿ" ಎಂಬ ಒಂದೇ ಮನವಿಯಾಗಿ ಕಟ್ಟಿದರೆ ಕೆಲಸ ಕೆಡುತ್ತದೆ.

ಮೊದಲು ಊರಿನ ರೂಢಿಯ ಮಾತು. ನಿಮ್ಮ ತಂದೆಯವರು ಮಾಡುತ್ತಿದ್ದದ್ದು ಅಲ್ಲಿನ ಪದ್ಧತಿಗೆ ಸರಿ. ಅಮೆರಿಕದ ಈ ತೆರಿಗೆಯಲ್ಲಿ ಅಂತಹ ದಾರಿ ಇಲ್ಲ. ಇದು 1956ರಲ್ಲಿ ಅಂತರರಾಜ್ಯ ಹೆದ್ದಾರಿಗಳಿಗೆ ಹಣ ಹೊಂದಿಸಲು ಬಂದ ಕಾನೂನಿನ ಕೂಸು. ವಸೂಲಾದ ಹಣ ಹೆದ್ದಾರಿ ನಿಧಿಗೆ ಹೋಗುತ್ತದೆ. ಭಾರದ ವಾಹನ ರಸ್ತೆಯನ್ನು ಹೆಚ್ಚು ಸವೆಸುತ್ತದೆ ಎಂಬ ಲೆಕ್ಕದಲ್ಲಿ 55,000 ಪೌಂಡ್ ಮತ್ತು ಅದಕ್ಕಿಂತ ಹೆಚ್ಚು ತೂಕದ ವಾಹನಗಳಿಗೆ ಮಾತ್ರ ಇದು ಅನ್ವಯ. 55,000 ಪೌಂಡಿಗೆ ವರ್ಷಕ್ಕೆ 100 ಡಾಲರ್, ಆಮೇಲಿನ ಪ್ರತಿ 1,000 ಪೌಂಡಿಗೆ 22 ಡಾಲರ್, 75,000 ಪೌಂಡ್ ದಾಟಿದರೆ 550 ಡಾಲರ್. ಅಲ್ಲಿಂದ ಮೇಲೆ ಏರಿಕೆ ಇಲ್ಲ. ತೆರಿಗೆ ವರ್ಷ ಜುಲೈ 1ರಿಂದ ಮುಂದಿನ ಜೂನ್ 30ರವರೆಗೆ. ಇಲ್ಲಿ ಮುಖ್ಯವಾದದ್ದು ಇಷ್ಟು: ಆ ವರ್ಷದಲ್ಲಿ ಟ್ರಕ್ ಮೊದಲ ಬಾರಿ ಸಾರ್ವಜನಿಕ ರಸ್ತೆಗೆ ಇಳಿದ ತಿಂಗಳಿನಿಂದ ವರ್ಷದ ಕೊನೆಯವರೆಗಿನ ತೆರಿಗೆ ಹೊಣೆ ಹುಟ್ಟಿಬಿಡುತ್ತದೆ. ಬಾಡಿಗೆ ಸಿಕ್ಕಿತೇ, ಚಾಲಕ ಇದ್ದನೇ, ಗ್ಯಾರೇಜಿನಲ್ಲಿ ಎಷ್ಟು ದಿನ ನಿಂತಿತು, ಅರ್ಧ ಲೋಡ್ ಹಾಕಿಕೊಂಡು ಓಡಿತೇ ಎಂದು ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಕೇಳುವುದಿಲ್ಲ. ಹಗುರ ಲೋಡ್, ಬಳಕೆ ನಿಲ್ಲಿಸಿದ್ದು, ಬಳಕೆಯ ರೀತಿ ಬದಲಾದದ್ದು, ಈ ಕಾರಣಗಳಿಗೆ ರಿಯಾಯಿತಿಯಾಗಲಿ ಮರುಪಾವತಿಯಾಗಲಿ ಇಲ್ಲ ಎಂದು ಅವರ ಸೂಚನೆಯಲ್ಲೇ ಸ್ಪಷ್ಟವಾಗಿ ಬರೆದಿದೆ.

ಆದ್ದರಿಂದ ನಾಲ್ಕನೆಯ ಟ್ರಕ್ ಎರಡು ತಿಂಗಳು ಗ್ಯಾರೇಜಿನಲ್ಲಿದ್ದುದಕ್ಕೆ ಏನೂ ಬರುವುದಿಲ್ಲ. ಬಿಡಿಭಾಗ ಬರಲು ತಡವಾಯಿತು, ಕಂತು ಕಟ್ಟಲು ಕಷ್ಟವಾಯಿತು, ಇದೆಲ್ಲ ನಿಜವೇ. ಎರಡು ತಿಂಗಳು ದುಡಿಮೆ ಇಲ್ಲದೆ ಕುಳಿತವರಿಗೆ ಈ ಉತ್ತರ ಕಹಿ ಎಂದು ನನಗೆ ಗೊತ್ತು. ಆದರೂ ಅದನ್ನು ಅರ್ಜಿಯಲ್ಲಿ ಸೇರಿಸಬೇಡಿ.

ಹಾಗಾದರೆ ಹಣ ವಾಪಸ್ ಬರುವುದು ಯಾವಾಗ? ವಾಹನ ಜೂನ್ 1ಕ್ಕೆ ಮೊದಲು ಮಾರಾಟವಾಗಿದ್ದರೆ, ನಾಶವಾಗಿದ್ದರೆ ಅಥವಾ ಕಳವಾಗಿದ್ದರೆ ಮತ್ತು ಆಮೇಲೆ ಆ ವರ್ಷ ನೀವು ಅದನ್ನು ಬಳಸದಿದ್ದರೆ. ತೆರಿಗೆ ಕಟ್ಟಿದ ವಾಹನ ಇಡೀ ವರ್ಷದಲ್ಲಿ 5,000 ಮೈಲಿ ಅಥವಾ ಅದಕ್ಕಿಂತ ಕಡಿಮೆ ಓಡಿದ್ದರೆ, ಕೃಷಿ ವಾಹನವಾದರೆ 7,500 ಮೈಲಿ. ಇಲ್ಲವೇ ತೆರಿಗೆ ಕಟ್ಟುವಾಗಲೇ ಲೆಕ್ಕ ತಪ್ಪಿ ಹೆಚ್ಚು ಕಟ್ಟಿದ್ದರೆ. ನಿಮ್ಮ ಅದೃಷ್ಟವೋ ದುರದೃಷ್ಟವೋ, ಈ ಮೂರೂ ನಿಮಗೆ ಅನ್ವಯಿಸುತ್ತವೆ.

ಸುಟ್ಟ ಟ್ರಕ್ಕಿನಿಂದ ಆರಂಭಿಸೋಣ. ಬಹಳ ಮಂದಿ ಅಪಘಾತವಾದರೆ ಕಟ್ಟಿದ 550 ಡಾಲರ್ ಪೂರ್ತಿ ಬರುತ್ತದೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಬಳಸಿದ ತಿಂಗಳುಗಳ ತೆರಿಗೆ ಸರ್ಕಾರದ್ದೇ. ಘಟನೆ ನಡೆದ ತಿಂಗಳು ಪೂರ್ತಿಯಾಗಿ ಬಳಸಿದ ತಿಂಗಳು ಎಂದೇ ಲೆಕ್ಕ. ಅಕ್ಟೋಬರ್ 1ರಂದು ಸುಟ್ಟರೂ 31ರಂದು ಸುಟ್ಟರೂ ವ್ಯತ್ಯಾಸವಿಲ್ಲ. ಜುಲೈಯಿಂದ ಅಕ್ಟೋಬರ್‌ವರೆಗೆ ನಾಲ್ಕು ತಿಂಗಳು, ಅದರ ತೆರಿಗೆ 183.33 ಡಾಲರ್. ಉಳಿದ 366.67 ಡಾಲರ್ ನಿಮ್ಮದು. ಇಲ್ಲಿ "ನಾಶ" ಎಂದರೆ ರಿಪೇರಿ ಮಾಡಿಸುವುದು ಆರ್ಥಿಕವಾಗಿ ಗಿಟ್ಟದಷ್ಟು ಹಾಳಾಗಿರಬೇಕು. ವಿಮೆಯವರು ಕೊಟ್ಟ ಸಂಪೂರ್ಣ ನಷ್ಟದ ಪತ್ರ ಇದಕ್ಕೆ ಒಳ್ಳೆಯ ಆಧಾರ. ಪೊಲೀಸ್ ವರದಿ, ಅವಶೇಷ ಒಪ್ಪಿಸಿದ ರಸೀದಿ ಇದ್ದರೆ ಜೊತೆಗೆ ತೆಗೆದಿಟ್ಟುಕೊಳ್ಳಿ. ಒಂದು ಎಚ್ಚರಿಕೆ: ಅವಶೇಷವನ್ನು ನೀವೇ ಉಳಿಸಿಕೊಂಡು, ಎಂಜಿನ್ ಕೂರಿಸಿ, ಜೂನ್ ಒಳಗೆ ಮತ್ತೆ ರಸ್ತೆಗಿಳಿಸಿದರೆ ಈ ಹಕ್ಕು ಇರುವುದಿಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ತಪ್ಪು ನಂಬಿಕೆ ಇದೆ. ಹಳೆಯ ಟ್ರಕ್ಕಿನ ತೆರಿಗೆಯನ್ನು ಬದಲಿ ಟ್ರಕ್ಕಿಗೆ ವರ್ಗಾಯಿಸಬಹುದು ಎಂದು ಟ್ರಕ್ ನಿಲ್ದಾಣಗಳಲ್ಲಿ ಹೇಳುವವರು ಬಹಳ. ವರ್ಗಾವಣೆ ಎಂಬುದು ಇಲ್ಲ. ಪ್ರತಿ ವಾಹನಕ್ಕೂ ಅದರದೇ ತೆರಿಗೆ. ಆದರೆ ಬದಲಿ ಟ್ರಕ್ಕಿಗೆ ಫಾರ್ಮ್ 2290 ಸಲ್ಲಿಸುವಾಗ 5ನೇ ಸಾಲಿನಲ್ಲಿ ಹಳೆಯದರ ಉಳಿಕೆಯನ್ನು ಜಮಾ ಎಂದು ತೋರಿಸಬಹುದಿತ್ತು. ನಿಮ್ಮ ಲೆಕ್ಕದಲ್ಲಿ ಅದು ಕರಾರುವಾಕ್ಕಾಗಿ ಹೊಂದುತ್ತಿತ್ತು. ಹೊಸ ಟ್ರಕ್ ನವೆಂಬರ್‌ನಲ್ಲಿ ರಸ್ತೆಗಿಳಿದದ್ದರಿಂದ ಜೂನ್‌ವರೆಗೆ ಎಂಟು ತಿಂಗಳು, ತೆರಿಗೆ 366.67 ಡಾಲರ್. ಹಳೆಯದರ ಉಳಿಕೆಯೂ ಅಷ್ಟೇ. ಕೈಯಿಂದ ಒಂದು ಸೆಂಟನ್ನೂ ಕಟ್ಟದೆ ಮುಗಿಸಬಹುದಿತ್ತು. ಚಿಂತೆ ಬೇಡ, ಹಕ್ಕು ತಪ್ಪಿಹೋಗಿಲ್ಲ. ಈಗ ಮರುಪಾವತಿಯಾಗಿ ಕೇಳಬೇಕಷ್ಟೆ. ಒಂದನ್ನು ಮಾತ್ರ ನೋಡಿಕೊಳ್ಳಿ: ಹೊಸ ಟ್ರಕ್ಕಿಗೆ ನೀವು ಎಂಟು ತಿಂಗಳ ತೆರಿಗೆಯನ್ನೇ ಕಟ್ಟಿದಿರೋ ಅಥವಾ ಗಡಿಬಿಡಿಯಲ್ಲಿ ಪೂರ್ತಿ 550 ಕಟ್ಟಿದಿರೋ? ಫಾರ್ಮಿನಲ್ಲಿ ಮೊದಲು ಬಳಸಿದ ತಿಂಗಳನ್ನು ಜುಲೈ ಎಂದು ಹಳೆಯ ಪ್ರತಿಯಿಂದ ನಕಲು ಮಾಡಿಬಿಡುವುದು ನಾನು ಅತಿ ಹೆಚ್ಚಾಗಿ ಕಾಣುವ ತಪ್ಪು. ಹಾಗಾಗಿದ್ದರೆ ಆ ಹೆಚ್ಚುವರಿ 183.33 ಡಾಲರನ್ನೂ ಕೇಳಬಹುದು.

ಡಂಪ್ ಟ್ರಕ್ಕಿನ ವಿಷಯದಲ್ಲಿ ಲೆಕ್ಕ ಇದೇ ರೀತಿ. 60,000 ಪೌಂಡಿಗೆ ವರ್ಷದ ತೆರಿಗೆ 210 ಡಾಲರ್. ಜುಲೈಯಿಂದ ಫೆಬ್ರವರಿ ಎಂಟು ತಿಂಗಳಿಗೆ 140 ಡಾಲರ್ ಹೋಗಿ 70 ಡಾಲರ್ ನಿಮಗೆ ಬರಬೇಕು. 70 ಡಾಲರಿಗೆ ಇಷ್ಟು ತಲೆನೋವೇ ಎನ್ನಬೇಡಿ. ಹೇಗಿದ್ದರೂ ಅರ್ಜಿ ಹಾಕುತ್ತಿದ್ದೀರಿ, ಒಂದು ಸಾಲು ಹೆಚ್ಚು ಅಷ್ಟೆ. ಆದರೆ ಮಾರಾಟದ ಸಂದರ್ಭದಲ್ಲಿ ಕೊಂಡವರ ಹೆಸರು ಮತ್ತು ವಿಳಾಸ ಕೊಡುವುದು ಕಡ್ಡಾಯ. 2015ರ ಜುಲೈ 1ರ ನಂತರದ ಎಲ್ಲ ಮಾರಾಟಗಳಿಗೂ ಈ ನಿಯಮವಿದೆ. ನಗದು ಎಣಿಸಿಕೊಂಡು ಕೀ ಕೊಟ್ಟು ಕಳಿಸಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಮಾರಾಟ ಪತ್ರ ಹುಡುಕಿ ತೆಗೆಯಿರಿ. ಟೆಕ್ಸಾಸ್‌ನ ಮೋಟಾರು ವಾಹನ ಇಲಾಖೆಗೆ ಮಾರಾಟದ ಸೂಚನೆ ಸಲ್ಲಿಸಿದ್ದರೆ ಅದರ ಪ್ರತಿ ದಿನಾಂಕಕ್ಕೆ ಬಲವಾದ ಸಾಕ್ಷಿ. ಮುಂದೆ ಆ ಟ್ರಕ್ಕಿನ ಟೋಲ್ ಬಾಕಿ ನಿಮ್ಮ ತಲೆಗೆ ಬರದಂತೆಯೂ ಅದು ಕಾಯುತ್ತದೆ.

ಕೊಂಡವರ ವಾದಕ್ಕೆ ಉತ್ತರವೂ ಇಲ್ಲೇ ಇದೆ. ನೀವು ಮಾರ್ಚ್‌ನಿಂದ ಜೂನ್‌ವರೆಗಿನ ನಾಲ್ಕು ತಿಂಗಳ ತೆರಿಗೆ ವಾಪಸ್ ಕೇಳುತ್ತಿದ್ದೀರಿ. ಆ ನಾಲ್ಕು ತಿಂಗಳ ಹೊಣೆ ಅವರದು. ಮಾರಾಟದ ತಿಂಗಳಾದ ಫೆಬ್ರವರಿಗೆ ನೀವು ಕಟ್ಟಿರುವುದರಿಂದ ಅವರು ಮತ್ತೆ ಕಟ್ಟಬೇಕಿಲ್ಲ, ಆದರೆ ತಮ್ಮದೇ ಇಐಎನ್ (ವ್ಯವಹಾರದ ತೆರಿಗೆ ಗುರುತು ಸಂಖ್ಯೆ) ಮೇಲೆ ಫಾರ್ಮ್ 2290 ಸಲ್ಲಿಸಲೇಬೇಕು. ಇದನ್ನು ಅವರಿಗೆ ಬರಹದಲ್ಲಿ ತಿಳಿಸಿಬಿಡಿ, ಮಿಂಚಂಚೆ ಸಾಕು. ನಾಳೆ ದಂಡ ಬಿದ್ದಾಗ ನಿಮ್ಮ ಮೇಲೆ ಹರಿಹಾಯುವುದು ತಪ್ಪುತ್ತದೆ.

ಈಗ ಎರಡು ಬಾರಿ ಕಟ್ಟಿದ 550 ಡಾಲರ್. ವಿಐಎನ್ ತಪ್ಪಿದಾಗ ಮತ್ತೆ ತೆರಿಗೆ ಕಟ್ಟುವ ಅಗತ್ಯವೇ ಇರಲಿಲ್ಲ. ಫಾರ್ಮ್ 2290ರಲ್ಲಿಯೇ ವಿಐಎನ್ ತಿದ್ದುಪಡಿಗೆಂದು ಪ್ರತ್ಯೇಕ ಚೌಕವಿದೆ. ಅದಕ್ಕೆ ಗುರುತು ಹಾಕಿ, ಸರಿಯಾದ ಸಂಖ್ಯೆ ಬರೆದು, ಕಾರಣ ತಿಳಿಸಿದರೆ ಹೊಸ ಮುದ್ರೆ ಬಿದ್ದ ಷೆಡ್ಯೂಲ್ 1 (ತೆರಿಗೆ ಕಟ್ಟಿದ್ದಕ್ಕೆ ಪುರಾವೆಯಾಗುವ ವಾಹನಗಳ ಪಟ್ಟಿ) ಬರುತ್ತದೆ. ನೋಂದಣಿಯ ಕೊನೆಯ ದಿನ ಹತ್ತಿರವಿದ್ದಾಗ ಕೌಂಟರಿನ ಎದುರು ನಿಂತವರಿಗೆ ಇದು ಹೊಳೆಯುವುದಿಲ್ಲ, ಅದು ಸಹಜ. ಎರಡನೆಯ ಪಾವತಿ ತಪ್ಪಿನಿಂದಾದ ಹೆಚ್ಚುವರಿ ತೆರಿಗೆಯಾದ್ದರಿಂದ ಪೂರ್ತಿ 550 ಡಾಲರ್ ವಾಪಸ್ ಕೇಳುವ ಹಕ್ಕು ನಿಮಗಿದೆ. ಎರಡೂ ಷೆಡ್ಯೂಲ್ 1ರ ಪ್ರತಿಗಳು, ಎರಡೂ ಪಾವತಿ ಕಾಣುವ ಬ್ಯಾಂಕ್ ವಿವರ, ವಾಹನದ ನೋಂದಣಿ ಪತ್ರ ಮತ್ತು ತಪ್ಪು ಸಂಖ್ಯೆಯ ವಾಹನ ನಿಮ್ಮದಲ್ಲ ಎಂಬ ಚಿಕ್ಕ ವಿವರಣೆ ಸಿದ್ಧವಿರಲಿ. ಇ-ಫೈಲಿಂಗ್ ಸಂಸ್ಥೆಗೆ ಕೊಟ್ಟ ಶುಲ್ಕವನ್ನು ಮಾತ್ರ ಐಆರ್‌ಎಸ್ ಕೊಡುವುದಿಲ್ಲ.

ಮೂರನೆಯ ಟ್ರಕ್ ನಿಮ್ಮ ಪತ್ರದಲ್ಲಿ ಅತಿ ನಾಜೂಕಾದ ವಿಷಯ, ಏಜೆಂಟರ ಮಾತು ಅತಿ ಅಪಾಯಕಾರಿಯಾಗುವುದೂ ಇಲ್ಲಿಯೇ. 4,200 ಮೈಲಿ ಎಂದರೆ ಮಿತಿಯ ಒಳಗೇ ಇದ್ದೀರಿ, ಹೀಗೆಯೇ ಉಳಿದರೆ 550 ಡಾಲರ್ ಪೂರ್ತಿ ವಾಪಸ್. ಇಲ್ಲಿ ತಿಂಗಳ ಲೆಕ್ಕವಿಲ್ಲ. ಆದರೆ ಈಗಿನ್ನೂ 2025ರ ಮೇ ತಿಂಗಳು. ಕಡಿಮೆ ಓಡಾಟದ ಆಧಾರದ ಮೇಲೆ ತೆರಿಗೆ ವರ್ಷ ಮುಗಿಯುವ ಮೊದಲು, ಅಂದರೆ ಜೂನ್ 30 ಕಳೆಯುವ ಮೊದಲು, ಅರ್ಜಿ ಹಾಕುವಂತೆಯೇ ಇಲ್ಲ. ಉಳಿದ ವಾರಗಳಲ್ಲಿ ಟ್ರಕ್ 800 ಮೈಲಿಗಿಂತ ಹೆಚ್ಚು ಓಡಿದರೆ ಹಕ್ಕು ಪೂರ್ತಿ ಹೋಗುತ್ತದೆ. 5,001 ಮೈಲಿಗೂ 50,000 ಮೈಲಿಗೂ ಒಂದೇ ತೆರಿಗೆ. ಹಾಗೆಂದು 550 ಡಾಲರ್ ಉಳಿಸಲು ಒಳ್ಳೆಯ ಬಾಡಿಗೆಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಡಲ್ಲಾಸಿನಿಂದ ಲಾಸ್ ಏಂಜಲೀಸ್‌ಗೆ ಹೋಗಿಬರುವ ಒಂದೇ ಸುತ್ತು ಮಿತಿ ದಾಟಿಸುತ್ತದೆ, ಆದರೆ ಆ ಸುತ್ತಿನ ಗಳಿಕೆ 550 ಡಾಲರಿಗಿಂತ ಹೆಚ್ಚಿದ್ದರೆ ಹೋಗಿ ಬನ್ನಿ. ತೀರ್ಮಾನ ಗೊತ್ತಿದ್ದೂ ತೆಗೆದುಕೊಂಡದ್ದಾಗಿರಲಿ ಎಂಬುದಷ್ಟೇ ನನ್ನ ಕಾಳಜಿ.

ಇನ್ನೊಂದು ಸೂಕ್ಷ್ಮವಿದೆ. ಮೈಲಿಯ ಮಿತಿ ವಾಹನಕ್ಕೆ ಸೇರಿದ್ದು, ಮಾಲೀಕನಿಗೆ ಅಲ್ಲ. ಈ ಟ್ರಕ್ಕನ್ನು ವರ್ಷದ ನಡುವೆ ಕೊಂಡಿದ್ದರೆ ಹಿಂದಿನ ಮಾಲೀಕರು ಓಡಿಸಿದ್ದೂ ಲೆಕ್ಕಕ್ಕೆ ಬರುತ್ತದೆ. ಜೂನ್‌ನಲ್ಲಿ ಮಾರಿದರೆ ಕೊಂಡವರು ತಿಂಗಳ ಕೊನೆಯವರೆಗೆ ಓಡಿಸಿದ್ದೂ ಸೇರುತ್ತದೆ. ಆದ್ದರಿಂದ ಮಾರುವ ಯೋಚನೆ ಇದ್ದರೆ ಜುಲೈವರೆಗೆ ತಡೆಯುವುದು ಕ್ಷೇಮ. ಜೂನ್ 30ರ ಸಂಜೆ ಓಡೋಮೀಟರಿನ ಚಿತ್ರ ತೆಗೆದಿಡಿ. ಕಳೆದ ಜುಲೈನ ಅಂಕಿಗೆ ಸರ್ವಿಸ್ ಬಿಲ್, ಎಲೆಕ್ಟ್ರಾನಿಕ್ ಲಾಗ್ ದಾಖಲೆ, ಇಂಧನ ತೆರಿಗೆಗಾಗಿ ನೀವು ಸಲ್ಲಿಸಿದ ಐಎಫ್‌ಟಿಎ ಮೈಲಿ ಲೆಕ್ಕ ಆಧಾರವಾಗುತ್ತವೆ. ಇವು ಪರಸ್ಪರ ಹೊಂದಬೇಕು. ಐಎಫ್‌ಟಿಎಯಲ್ಲಿ 6,100 ಮೈಲಿ ತೋರಿಸಿ ಇಲ್ಲಿ 4,800 ಎಂದರೆ ಎರಡು ಇಲಾಖೆಗಳಲ್ಲೂ ಪ್ರಶ್ನೆ ಏಳುತ್ತದೆ. ಸಾರ್ವಜನಿಕ ರಸ್ತೆಯ ಓಡಾಟ ಮಾತ್ರ ಲೆಕ್ಕ; ಕಲ್ಲು ಕ್ವಾರಿಯ ಒಳಗಿನ ಖಾಸಗಿ ದಾರಿಯ ಮೈಲಿಗಳನ್ನು ಬಿಡಬಹುದು, ಆದರೆ ಅದಕ್ಕೆ ಪ್ರತ್ಯೇಕ ಲಾಗ್ ಇಲ್ಲದಿದ್ದರೆ ಆ ವಾದವನ್ನು ಎತ್ತಬೇಡಿ.

ಒಟ್ಟಿನಲ್ಲಿ ಈಗಲೇ ಕೇಳಬಹುದಾದದ್ದು 366.67, 70 ಮತ್ತು 550, ಅಂದರೆ 986.67 ಡಾಲರ್. ಜುಲೈ ಬಂದ ಮೇಲೆ ಇನ್ನೊಂದು 550.

ಕೇಳುವುದು ಹೇಗೆ? ಎರಡು ದಾರಿಗಳಿವೆ. ಫಾರ್ಮ್ 8849 ಮತ್ತು ಅದರ ಷೆಡ್ಯೂಲ್ 6 ಸಲ್ಲಿಸಿ ಹಣವನ್ನೇ ವಾಪಸ್ ಪಡೆಯುವುದು ಒಂದು. ಮುಂದಿನ ಫಾರ್ಮ್ 2290ರ 5ನೇ ಸಾಲಿನಲ್ಲಿ ಜಮಾ ತೋರಿಸಿ ಹೊಸ ತೆರಿಗೆಯಿಂದ ಕಳೆದುಕೊಳ್ಳುವುದು ಇನ್ನೊಂದು. ಎರಡನೆಯದರಲ್ಲಿ ಕಾಯುವ ಕಷ್ಟವಿಲ್ಲ. ಆದರೆ ಆ ಫಾರ್ಮಿನ ತೆರಿಗೆಗಿಂತ ಹೆಚ್ಚು ಜಮಾ ತೋರಿಸುವಂತಿಲ್ಲ, ಉಳಿದದ್ದಕ್ಕೆ ಮತ್ತೆ 8849ಕ್ಕೇ ಹೋಗಬೇಕು. ಇನ್ನೂ ದೊಡ್ಡ ತೊಡಕೆಂದರೆ, ಜಮಾವನ್ನು ಇಲಾಖೆ ಒಪ್ಪದಿದ್ದರೆ ನಿಮ್ಮ ಹೊಸ ವರ್ಷದ ತೆರಿಗೆಯೇ ಬಾಕಿ ಎಂದಾಗಿ ಬಡ್ಡಿ, ದಂಡ ಸೇರುತ್ತವೆ. 8849ರ ಅರ್ಜಿ ತಿರಸ್ಕೃತವಾದರೆ ಹಣ ಬರುವುದಿಲ್ಲ ಅಷ್ಟೆ, ಹೊಸ ಬಾಕಿ ಹುಟ್ಟುವುದಿಲ್ಲ. ತಪ್ಪು ಲೆಕ್ಕದಿಂದಾದ ಹೆಚ್ಚುವರಿ ಪಾವತಿಗಂತೂ ಷೆಡ್ಯೂಲ್ 6 ಸರಿಯಾದ ಜಾಗ.

ನಿಮ್ಮ ಜಾಗದಲ್ಲಿ ನಾನಿದ್ದರೆ ಸುಟ್ಟ ಟ್ರಕ್, ಮಾರಿದ ಟ್ರಕ್ ಮತ್ತು ಎರಡು ಬಾರಿಯ ಪಾವತಿಗೆ ಈಗಲೇ 8849 ಸಲ್ಲಿಸುತ್ತೇನೆ. ಮೂರನೆಯ ಟ್ರಕ್ಕಿನ 550 ಡಾಲರನ್ನು, ದಾಖಲೆ ಗಟ್ಟಿಯಾಗಿದ್ದರೆ, ಜುಲೈ ನಂತರ ಸಲ್ಲಿಸುವ 2290ರಲ್ಲಿ ಜಮಾ ಮಾಡಿಕೊಳ್ಳುತ್ತೇನೆ. ಒಂದೇ ಹಣವನ್ನು ಎರಡೂ ಕಡೆ ಕೇಳಬೇಡಿ. ಮರೆವಿನಿಂದ ಹಾಗೆ ಮಾಡಿ ತಿಂಗಳುಗಟ್ಟಲೆ ಪತ್ರವ್ಯವಹಾರದಲ್ಲಿ ಸಿಲುಕಿದವರನ್ನು ಕಂಡಿದ್ದೇನೆ. ಪ್ರತಿ ವಾಹನದ ವಿಐಎನ್, ತೂಕದ ವರ್ಗ, ಘಟನೆಯ ದಿನಾಂಕ, ತಿಂಗಳುಗಳ ಲೆಕ್ಕ ಬಿಡಿಸಿದ ಹಾಳೆ ಅರ್ಜಿಯ ಜೊತೆಗಿರಬೇಕು. ಷೆಡ್ಯೂಲ್ 6ನ್ನು ಅಂತರ್ಜಾಲದ ಮೂಲಕವೂ ಸಲ್ಲಿಸಬಹುದು, ಕಾಗದಕ್ಕಿಂತ ಅದು ವೇಗ. ಅವಸರ ಬೇಡದಿದ್ದರೂ ಕಾಲಮಿತಿ ಇದೆ: ರಿಟರ್ನ್ ಸಲ್ಲಿಸಿದ ದಿನದಿಂದ ಮೂರು ವರ್ಷ ಅಥವಾ ತೆರಿಗೆ ಕಟ್ಟಿದ ದಿನದಿಂದ ಎರಡು ವರ್ಷ, ಯಾವುದು ತಡವೋ ಅದು. ನಿಮ್ಮ ಮಟ್ಟಿಗೆ ಸುಮಾರು 2027ರ ಆಗಸ್ಟ್.

ನನ್ನ ಮೇಜಿಗೆ ಬರುವ ತಿರಸ್ಕೃತ ಅರ್ಜಿಗಳಲ್ಲಿ ಲೆಕ್ಕದ ತಪ್ಪಿಗಿಂತ ಹೆಸರಿನ ತಪ್ಪು ಹೆಚ್ಚು. 2290 ಯಾವ ಹೆಸರು ಮತ್ತು ಯಾವ ಇಐಎನ್ ಮೇಲೆ ಸಲ್ಲಿಕೆಯಾಗಿತ್ತೋ ಅದೇ ಹೆಸರಿನಲ್ಲಿ ಹಣ ಕೇಳಬೇಕು. ಟ್ರಕ್ ಎಲ್‌ಎಲ್‌ಸಿಯದ್ದು, ಅರ್ಜಿ ನಿಮ್ಮ ಸ್ವಂತ ಹೆಸರಿನದ್ದು ಎಂದಾದರೆ ಅದು ಮುಂದೆ ಹೋಗುವುದಿಲ್ಲ. ಕಚೇರಿಯ ವಿಳಾಸ ಬದಲಾಗಿದ್ದರೆ ಫಾರ್ಮ್ 8822-ಬಿ ಮೂಲಕ ಮೊದಲು ತಿಳಿಸಿ, ಇಲ್ಲದಿದ್ದರೆ ಇಲಾಖೆಯ ಪತ್ರ ಹಳೆಯ ಮನೆಯ ಡಬ್ಬಿಯಲ್ಲಿ ಕೊಳೆಯುತ್ತದೆ. ಬೇರೆ ಫೆಡರಲ್ ತೆರಿಗೆ ಬಾಕಿ ಇದ್ದರೆ ಈ ಹಣವನ್ನು ಅದಕ್ಕೆ ಹೊಂದಿಸಿಕೊಳ್ಳುವ ಅಧಿಕಾರ ಅವರಿಗಿದೆ. ಮತ್ತು 2024ರ ಆದಾಯ ತೆರಿಗೆಯಲ್ಲಿ ಈ 2290 ತೆರಿಗೆಯನ್ನು ವೆಚ್ಚವಾಗಿ ಕಳೆದಿದ್ದರೆ, ವಾಪಸ್ ಬಂದದ್ದನ್ನು ಆದಾಯವಾಗಿ ತೋರಿಸಬೇಕು. ನಗದು ಪದ್ಧತಿಯ ಲೆಕ್ಕ ಇಡುವವರಾದರೆ ಹಣ ಕೈಸೇರಿದ ವರ್ಷದಲ್ಲಿ.

ಏಜೆಂಟರ ಬಗ್ಗೆ ನೇರವಾಗಿಯೇ ಹೇಳುತ್ತೇನೆ. ಈ ಅರ್ಜಿಗೆ ಪೂರ್ತಿ ತೆರಿಗೆ ತರಿಸುವ ಗುಟ್ಟಿನ ದಾರಿ ಇಲ್ಲ. ನಾಲ್ಕಕ್ಕೂ ಪೂರ್ತಿ ಹಣ ಕೇಳಬೇಕಾದರೆ ಸುಳ್ಳು ಬರೆಯಲೇಬೇಕು, ಆ ಹಾಳೆಯ ಕೆಳಗೆ ಪ್ರಮಾಣ ಮಾಡಿ ಸಹಿ ಹಾಕುವವರು ನೀವು. ನೆರವು ಬೇಕಿದ್ದರೆ ಅಕೌಂಟೆಂಟ್ ಅಥವಾ ಎನ್ರೋಲ್ಡ್ ಏಜೆಂಟ್ (ಐಆರ್‌ಎಸ್ ಮಾನ್ಯತೆ ಪಡೆದ ತೆರಿಗೆ ಸಲಹೆಗಾರ) ಬಳಿ ಹೋಗಿ, ಕೆಲಸಕ್ಕೆ ಇಷ್ಟು ಎಂದು ಶುಲ್ಕ ಮೊದಲೇ ಮಾತಾಡಿಕೊಳ್ಳಿ. ಅಧಿಕಾರ ಪತ್ರಕ್ಕೆ ಸಹಿ ಹಾಕುವ ಮುನ್ನ ಅದು ಯಾವ ತೆರಿಗೆಗೆ, ಯಾವ ಅವಧಿಗೆ ಎಂದು ಓದಿ. ಇಲಾಖೆಗೆ ಹೋಗುವ ಪ್ರತಿ ಕಾಗದದ ಪ್ರತಿಯೂ ನಿಮ್ಮ ಕೈಯಲ್ಲಿರಬೇಕು.

ಮೂರನೆಯ ಟ್ರಕ್ಕಿಗೆ ಮುಂದಿನ ವರ್ಷವೂ ಚಾಲಕ ಸಿಗುವ ಭರವಸೆ ಇಲ್ಲದಿದ್ದರೆ, ಕಟ್ಟಿ ವಾಪಸ್ ಕೇಳುವ ಬದಲು ಮೊದಲೇ ಡಬ್ಲ್ಯೂ ವರ್ಗದಲ್ಲಿ ತೋರಿಸಿ. 5,000 ಮೈಲಿ ಮೀರುವುದಿಲ್ಲ ಎಂದು ಘೋಷಿಸಿದರೆ ತೆರಿಗೆ ಕಟ್ಟಬೇಕಿಲ್ಲ. ಫಾರ್ಮ್ ಸಲ್ಲಿಸುವುದು ಮಾತ್ರ ತಪ್ಪದು, ನೋಂದಣಿಗೆ ಮುದ್ರೆ ಬಿದ್ದ ಷೆಡ್ಯೂಲ್ 1 ಬೇಕೇ ಬೇಕು. ಆಮೇಲೆ ಮಿತಿ ದಾಟಿದರೆ, ದಾಟಿದ ತಿಂಗಳ ಮುಂದಿನ ತಿಂಗಳ ಕೊನೆಯೊಳಗೆ ತಿದ್ದುಪಡಿ ಫಾರ್ಮ್ ಸಲ್ಲಿಸಿ ಆ ಅವಧಿಯ ತೆರಿಗೆ ಕಟ್ಟಬೇಕು. ಜುಲೈಯಲ್ಲಿ ರಸ್ತೆಗಿಳಿಯುವ ವಾಹನಗಳಿಗೆ ಕೊನೆಯ ದಿನ ಸಾಮಾನ್ಯವಾಗಿ ಆಗಸ್ಟ್ 31. 2025ರಲ್ಲಿ ಅದು ಭಾನುವಾರ, ಮರುದಿನ ಕಾರ್ಮಿಕರ ದಿನದ ರಜೆ. ಆದ್ದರಿಂದ ಸೆಪ್ಟೆಂಬರ್ 2ರವರೆಗೆ ಸಮಯವಿದೆ.